ಮೂರು ದಿನದ ತೊಂಬತ್ತೆಂಟು

ಹೋದ ವಾರ ತುಮಕೂರಿನ ಮಗಳ ಮನೆಯಲ್ಲಿದ್ದಾಗ ಮೊಮ್ಮಗಳಿಗೆ ಜ್ವರ ಬಂತು. ಕೀ ಕೀ ಅನ್ನುವ ಹೊಸ ಥರ್ಮಾಮೀಟರಿನ ಸೆಲ್ ಮುಗಿದಿತ್ತು. ಬೀರುವಿನ ತಳದಲ್ಲಿ ಹಳೆಯ ಗಾಜಿನದೊಂದು ಸಿಕ್ಕಿತು. ಕೈಗೆ ತೆಗೆದುಕೊಂಡದ್ದೇ ತಡ, ನಾನು ಯೋಚಿಸುವ ಮೊದಲೇ ನನ್ನ ಮಣಿಕಟ್ಟು ಅದನ್ನು ಮೂರು ಸಲ ಕೊಡವಿಬಿಟ್ಟಿತು. "ಇನ್ನೂ ಇಟ್ಟೇ ಇಲ್ವಲ್ಲಮ್ಮ, ಈಗ್ಲೇ ಯಾಕೆ ಕೊಡವ್ತೀಯ?" ಎಂದಳು ಮಗಳು. "ಹಿಂದಿನೋರ ಜ್ವರ ಇಳೀಬೇಕಲ್ಲ ಕಣೇ," ಎಂದೆ. ಪಾದರಸ ಇಳಿದಿತ್ತು. ನಾನು ಮತ್ತೊಂದು ಸಲ ಕೊಡವಿದೆ. ಅಮ್ಮನಿಗೆ ವಯಸ್ಸಾಯಿತು ಎಂದು ಅವಳು ಅಂದುಕೊಂಡಿರಬೇಕು. ವಯಸ್ಸಾಗಿದೆ, ಇಲ್ಲವೆನ್ನಲಾರೆ. ಆದರೆ ಆ ಚಾಳಿ ನನ್ನ ಹತ್ತೊಂಬತ್ತನೆಯ ವರ್ಷದ್ದು.

ಹಾಗೆ ಕೊಡವುವುದನ್ನು ನನಗೆ ಕಲಿಸಿದವರು ಡಾಕ್ಟರಲ್ಲ, ಕೋಠಿ ಮೇಷ್ಟ್ರು.

ನಯಾಪೈಸೆ ಬಂದ ಹೊಸತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಕುಣಿಗಲ್ಲಿನ ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು, ಅದರೊಳಗೆ ಇದ್ದವರು ಅಮ್ಮ ಮತ್ತು ನಾನು ಇಬ್ಬರೇ. ಹಿತ್ತಲ ಕಡೆಯ ಎರಡು ಕೋಣೆಗಳನ್ನು ಅಮ್ಮ ರೇಷ್ಮೆ ಮೊಟ್ಟೆ ಕೋಠಿಗೆ ಬಾಡಿಗೆಗೆ ಕೊಟ್ಟಳು. ಕೋಠಿ ಎಂದರೆ ರೇಷ್ಮೆಹುಳುವಿನ ಬಿತ್ತನೆ ತಯಾರಾಗುವ ಜಾಗ. ಸುತ್ತಲಿನ ಹಳ್ಳಿಗಳಿಂದ ಒಳ್ಳೆಯ ಗೂಡುಗಳನ್ನು ಆರಿಸಿ ತಂದು, ಒಳಗಿನ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುವ ತನಕ ಕಾದು, ಗಂಡು ಹೆಣ್ಣು ಜೋಡಿ ಮಾಡಿಸಿ, ಹೆಣ್ಣು ಕಾಗದದ ಮೇಲಿಟ್ಟ ಮೊಟ್ಟೆಯನ್ನು ರೈತರಿಗೆ ಕೊಡುತ್ತಿದ್ದರು. ಇದನ್ನು ನೋಡಿಕೊಳ್ಳಲು ಬಂದವರ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಅದು ಯಾರ ನಾಲಿಗೆಗೂ ಹೊರಳದೆ ಊರಿಗೆಲ್ಲ ಅವರು ಕೋಠಿ ಮೇಷ್ಟ್ರಾದರು.

ಮೂವತ್ತು ದಾಟಿರದ, ತೆಳ್ಳಗಿನ ಮನುಷ್ಯ. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ ಇರುತ್ತಿತ್ತು, ಬಿಚ್ಚಿದ್ದನ್ನು ನಾನು ನೋಡಿದ್ದು ಕಡಿಮೆ. ಸೀಮೆಎಣ್ಣೆ ಒಲೆಯ ಮೇಲೆ ತಾವೇ ಅನ್ನ ಸಾರು ಮಾಡಿಕೊಳ್ಳುತ್ತಿದ್ದರು. ಹೆಂಡತಿ ಮತ್ತು ವರ್ಷದ ಮಗಳು ಗುಬ್ಬಿಯಲ್ಲಿ ಮಾವನ ಮನೆಯಲ್ಲಿದ್ದರು. ಕೆಲಸ ಇನ್ನೂ ಟೆಂಪರರಿ. ಖಾಯಂ ಆದ ಮೇಲೆ ಸಂಸಾರ ತರುವುದೆಂದು ಕೋಟೆಯ ಕಡೆ ಒಂದು ಮನೆಯನ್ನೂ ನೋಡಿಟ್ಟಿದ್ದರು. ಸಂಜೆ ವಾಕಿಂಗ್ ಅಂತ ಹೊರಟವರು ದಿನವೂ ಆ ಬೀಗ ಹಾಕಿದ ಮನೆಯ ಮುಂದೆಯೇ ಹಾದು ಬರುತ್ತಿದ್ದರು. ಅಮ್ಮ ಅವರನ್ನು ತಮಾಷೆ ಮಾಡುತ್ತಿದ್ದಳು: "ಮೇಷ್ಟ್ರೇ, ಬೀಗ ಇನ್ನೂ ಅಲ್ಲೇ ಇತ್ತಾ?"

ಬಂದ ವಾರದಲ್ಲೇ ಹಿತ್ತಲ ಜಗಲಿಯ ನೆರಳು ಬೀಳುವ ಗೋಡೆಗೆ ಒಂದು ಹಲಗೆ ಹೊಡೆದು, ಅದರ ಮೇಲೆ ಎರಡು ಗಾಜಿನ ಕಡ್ಡಿಗಳನ್ನು ತಗುಲಿಹಾಕಿದರು. ಒಂದು ದಿನದ ಅತಿ ಹೆಚ್ಚಿನ ಬಿಸಿಯನ್ನು ತೋರಿಸುವುದು, ಇನ್ನೊಂದು ಅತಿ ಕಡಿಮೆಯದನ್ನು. ಹೆಚ್ಚಿನದರಲ್ಲಿ ಪಾದರಸ ಏರಿದರೆ ಏರಿದಲ್ಲೇ ನಿಲ್ಲುತ್ತದೆ, ತಾನಾಗಿ ಇಳಿಯುವುದಿಲ್ಲ. ಸಂಜೆ ಆರಕ್ಕೆ ಅಂಕಿ ಬರೆದುಕೊಂಡ ಮೇಲೆ ಅದನ್ನು ಕೊಡವಿ ಇಳಿಸಬೇಕು. ಇಲ್ಲದಿದ್ದರೆ ನಾಳೆಯೂ ನಿನ್ನೆಯ ಬಿಸಿಯನ್ನೇ ತೋರಿಸುತ್ತಾ ಕೂತಿರುತ್ತದೆ.

ಮೇಷ್ಟ್ರು ದಿನವಿಡೀ ಹಳ್ಳಿ ಸುತ್ತುವವರು. ಆರು ಗಂಟೆಗೆ ಮನೆಯಲ್ಲಿರುವ ಒಬ್ಬರು ಅವರಿಗೆ ಬೇಕಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮುಂದೆ ಓದುವಂತಿಲ್ಲದೆ, ಗಂಡು ಹುಡುಕುವ ತನಕ ಅಂತ ಮನೆಯಲ್ಲಿ ಕೂತಿದ್ದೆ. ಅಮ್ಮನನ್ನು ಕೇಳಿ ಆ ಕೆಲಸವನ್ನು ನನಗೆ ಒಪ್ಪಿಸಿದರು. ಮೊದಲ ದಿನ ನೋಟ್‌ಬುಕ್ ಮುಂದಿಟ್ಟುಕೊಂಡು ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಹುಳಕ್ಕೆ ಪಂಚಾಂಗ ಗೊತ್ತಿಲ್ಲ ಕಣಮ್ಮ. ಅದು ದಿನ ಎಣ್ಸಲ್ಲ, ಬಿಸಿ ಎಣ್ಸುತ್ತೆ."

ಲೆಕ್ಕ ಏನೂ ಕಷ್ಟದ್ದಲ್ಲ. ಇವತ್ತಿನ ಹೆಚ್ಚು ತೊಂಬತ್ತೆರಡು, ಕಡಿಮೆ ಅರವತ್ತೆಂಟು ಎನ್ನಿ. ಆಗೆಲ್ಲ ಫ್ಯಾರನ್‌ಹೀಟೇ. ಕೂಡಿ ಅರ್ಧ ಮಾಡಿದರೆ ಎಂಬತ್ತು. ಐವತ್ತರ ಕೆಳಗೆ ಹುಳು ಬೆಳೆಯುವುದೇ ಇಲ್ಲವಾದ್ದರಿಂದ ಐವತ್ತು ಕಳೆಯಬೇಕು. ಉಳಿದ ಮೂವತ್ತು ಹುಳುವಿನ ಪಾಲಿಗೆ ಆ ದಿನ ದಕ್ಕಿದ ಬಿಸಿ. ಹೀಗೆ ದಿನದಿನದ ಬಿಸಿಯನ್ನು ಕೂಡಿಸುತ್ತಾ ಹೋದರೆ ಒಂದು ಮೊತ್ತಕ್ಕೆ ಗೂಡು ಒಡೆದು ಚಿಟ್ಟೆ ಬರುತ್ತದೆ. ಬಿಸಿಲು ಜಾಸ್ತಿಯಿದ್ದರೆ ಆ ಮೊತ್ತ ಬೇಗ ತುಂಬುತ್ತದೆ, ಮೋಡ ಮುಚ್ಚಿದರೆ ತಡವಾಗುತ್ತದೆ. ಮೊತ್ತ ಮಾತ್ರ ಬದಲಾಗುವುದಿಲ್ಲ. ಅದನ್ನು ಮೇಷ್ಟ್ರು ಹಿಂದಿನ ಊರಿನಲ್ಲಿ ಎಷ್ಟೋ ಸಲ ಗೂಡು ಕಾದು ಕಾದು ತಾವೇ ಕಂಡುಕೊಂಡಿದ್ದರು.

ನನಗೆ ಹುಚ್ಚೇ ಹಿಡಿಯಿತು. ಯಾವುದಕ್ಕೂ ಬೇಡವಾದವಳು ಅಂತ ನನ್ನಷ್ಟಕ್ಕೆ ಕೊರಗುತ್ತಿದ್ದವಳಿಗೆ ಇಡೀ ಲೋಕ ಒಂದು ಕೂಡುವ ಲೆಕ್ಕವಾಗಿ ಕಾಣತೊಡಗಿತು. ಹಿತ್ತಲ ನುಗ್ಗೆಮರದಲ್ಲಿ ಪ್ರತಿವರ್ಷ ಕಂಬಳಿಹುಳು ಎದ್ದು, ಒಂದು ದಿನ ದಂಡು ಕಟ್ಟಿಕೊಂಡು ಕಾಂಡದ ಮೇಲೆ ಇಳಿದು ಬರುತ್ತಿದ್ದವು. ಮೇಷ್ಟ್ರು ಅವುಗಳ ಮೊಟ್ಟೆ ಒಡೆದ ದಿನ ಗುರುತು ಹಾಕಿಸಿದರು. ಆ ಹುಳದ ಮೊತ್ತ ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ, ಒಂದು ಅಂದಾಜು ಹಿಡಿದು ಇಬ್ಬರೂ ಲೆಕ್ಕ ಹಾಕಿದೆವು. ಮಂಗಳವಾರ ಇಳಿಯುತ್ತವೆ ಎಂದೆ. ಅಮ್ಮ ನಕ್ಕು ಆ ದಿನವೇ ಮರದ ಕೆಳಗೆ ಹಪ್ಪಳ ಹರವಿದಳು. ಬುಧವಾರ ಹುಳು ಇಳಿದು ಹಪ್ಪಳವನ್ನೆಲ್ಲ ತಿಪ್ಪೆಗೆ ಹಾಕಬೇಕಾಯಿತು. "ಒಂದು ದಿನ ತಪ್ಪಿತು," ಎಂದು ನಾನು ಮುಖ ಸಣ್ಣದು ಮಾಡಿದರೆ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದು... ಎರಡೋ ಮೂರೋ ಸಲ ಇರಬಹುದು.

ಮೊದಮೊದಲು ನನ್ನ ಲೆಕ್ಕವನ್ನು ಅವರು ಸಾಲುಸಾಲಾಗಿ ತಾಳೆ ನೋಡುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಬಿಟ್ಟುಬಿಟ್ಟರು. ಹಳ್ಳಿಯಿಂದ ಬಂದವರು ಕೊಡೆ ಗೋಡೆಗೆ ಒರಗಿಸಿ, ಕೊನೆಯ ಸಾಲಿನ ಮೊತ್ತವೊಂದನ್ನೇ ನೋಡಿ, ಸರಿ ಎಂದು ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಗಾಗಿ ನಾನು ದಿನವಿಡೀ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ. ಬೇರೆ ಅರ್ಥ ಕಟ್ಟಬೇಡಿ. ನನ್ನ ಮಾತನ್ನು ನಂಬಿ ಒಬ್ಬರು ಕೆಲಸ ಮಾಡುತ್ತಾರೆ ಅನ್ನುವುದೇ ಆ ವಯಸ್ಸಿಗೆ ದೊಡ್ಡ ಸಂಭ್ರಮ.

ಆ ಬೇಸಿಗೆಯಲ್ಲಿ ಮೇಷ್ಟ್ರಿಗೊಂದು ಅವಕಾಶ ಬಂತು. ನಮ್ಮ ಕಡೆಯ ಹಳದಿ ಗೂಡಿನ ಹೆಣ್ಣಿಗೆ ದೂರದ ಫಾರಮ್ಮಿನಿಂದ ಬರುವ ಬಿಳಿ ಗೂಡಿನ ಗಂಡನ್ನು ಜೋಡಿ ಮಾಡಿದರೆ ಬಿತ್ತನೆ ಗಟ್ಟಿಯಾಗುತ್ತದೆ. ತೊಡಕು ಏನೆಂದರೆ ಎರಡೂ ಒಂದೇ ದಿನ ಗೂಡಿನಿಂದ ಹೊರಬರಬೇಕು. ಚಿಟ್ಟೆಗೆ ತಿನ್ನಲು ಬಾಯಿಲ್ಲ. ನಾಲ್ಕೈದು ದಿನದ ಬಾಳು, ಸೆಕೆಯಲ್ಲಿ ಅದೂ ಇಲ್ಲ. ಗಂಡು ಮೊದಲೇ ಬಂದುಬಿಟ್ಟರೆ ರೆಕ್ಕೆ ಬಡಿದು ಬಡಿದು ಸೋತುಹೋಗುತ್ತದೆ. ಫಾರಮ್ಮಿನಲ್ಲಿ ಬೇರೆ ಬೇರೆ ವಯಸ್ಸಿನ ಗೂಡುಗಳಿರುತ್ತಿದ್ದವು. ಇಂಥ ದಿನಕ್ಕೆ ಬೇಕೆಂದು ತಂತಿ ಕೊಟ್ಟರೆ ಆ ದಿನ ಒಡೆಯುವ ಗೂಡನ್ನು ಬಸ್ಸಿಗೆ ಹಾಕುತ್ತಿದ್ದರು. ಆ ದಿನ ಯಾವುದು ಎನ್ನುವುದನ್ನು ಲೆಕ್ಕದಿಂದಲೇ ಹೇಳುತ್ತೇನೆ ಎಂದು ಮೇಷ್ಟ್ರು ಹಟ ಹಿಡಿದಿದ್ದರು. ಮೇಲಿನ ಸಾಹೇಬರಿಗೆ ನಂಬಿಕೆಯಿರಲಿಲ್ಲ. ಒಂದು ಬೆಳೆ ಮಾಡಿ ತೋರಿಸಿ, ಸರಿಹೋದರೆ ನಿಮ್ಮ ಖಾಯಂ ಕಾಗದಕ್ಕೆ ನಾನೇ ಬರೆಯುತ್ತೇನೆ, ಇಲ್ಲದಿದ್ದರೆ ನಿಮ್ಮ ದಾರಿ ನಿಮಗೆ ಎಂದಿದ್ದರಂತೆ.

ಹಳದಿ ಗೂಡು ಬಂದು, ತೂಕ ನೋಡಿ ಗಂಡಿನವನ್ನು ನೂಲಿಗೆ ಕಳಿಸಿ, ಹೆಣ್ಣಿನವನ್ನು ತಟ್ಟೆಗಳಲ್ಲಿ ಹರಡಿ ಐದು ದಿನವಾಗಿತ್ತು. ಆ ಗುರುವಾರ ಬೆಳಗಿನ ಬಸ್ಸಿಗೆ ಮೇಷ್ಟ್ರು ತುಮಕೂರಿಗೆ ಹೊರಟರು. ಆಫೀಸಿನಲ್ಲಿ ಕೆಲಸ, ಬರುವುದು ಸೋಮವಾರ ಎಂದರು. ಅವರು ಬೆಳಿಗ್ಗೆ ಹೋದರು. ಮಧ್ಯಾಹ್ನ ನಾನು ಹೊರಗಾದೆ.

ಈಗಿನ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ದಿನಗಳಲ್ಲಿ ಹಿತ್ತಲ ಜಗಲಿಯ ಮೂಲೆಯಲ್ಲಿ ಒಂದು ಚಾಪೆ, ಒಂದು ಲೋಟ, ಒಂದು ತಟ್ಟೆ, ಅಷ್ಟೇ ನಮ್ಮ ರಾಜ್ಯ. ಅನ್ನವನ್ನು ಮೇಲಿನಿಂದ ಬಡಿಸುತ್ತಿದ್ದರು. ಪುಸ್ತಕ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡರೂ ದೇವರ ಮನೆಗೆ ಮತ್ತು ಹುಳುವಿನ ಮನೆಗೆ ಐದನೆಯ ದಿನವೇ ಪ್ರವೇಶ. ರೇಷ್ಮೆಯೆಂದರೆ ಲಕ್ಷ್ಮಿ, ಹೊರಗಾದವಳ ನೆರಳು ಬಿದ್ದರೂ ಹುಳು ಕೆಡುತ್ತವೆ ಎಂದು ಸುತ್ತಲ ಹಳ್ಳಿಗಳೆಲ್ಲ ನಂಬಿದ್ದವು. ನಾನೂ ನಂಬಿದ್ದೆ. ಅಮ್ಮನ ಹೆದರಿಕೆಯಿಂದ ಕೈ ಇಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮೇಷ್ಟ್ರ ಗೂಡಿಗೆ ನನ್ನಿಂದ ಕೇಡಾಗಬಾರದು ಎಂದೇ ನಾನು ಆ ಹಲಗೆಯ ಹತ್ತಿರ ಸುಳಿಯಲಿಲ್ಲ.

ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಆ ದಿನ ಬಂದಾಗ ಮೇಷ್ಟ್ರು ಊರಲ್ಲೇ ಇದ್ದರು. "ಅವಳಿಗೆ ತಲೆನೋವು," ಎಂದು ಅಮ್ಮ ಹೇಳಿದರೆ ಅವರೇ ಬರೆದುಕೊಂಡು ಅವರೇ ಕೊಡವುತ್ತಿದ್ದರು. ಈ ಸಲ ಯಾರೂ ಇರಲಿಲ್ಲ.

ಗುರುವಾರ ಕಾದ ಕಾವಲಿಯಂಥ ದಿನ. ಚಾಪೆಯ ಮೇಲಿಂದಲೇ ಕತ್ತು ಚಾಚಿ ನೋಡಿದೆ, ತೊಂಬತ್ತೆಂಟು. ಅದು ನಿಜವಾದ ಅಂಕಿ. ಸಂಜೆ ಏಳಕ್ಕೆ ಗುಡುಗಿತು. ಆಮೇಲೆ ಮೂರು ದಿನ ಮಳೆ ಬಿಡಲಿಲ್ಲ. ದೊಡ್ಡಕೆರೆಯ ಕಡೆಯಿಂದ ಬೀಸುವ ಗಾಳಿಗೆ ಹೊದ್ದುಕೊಳ್ಳಲು ಇದ್ದ ಒಂದೇ ಒಂದು ಹಳೆಯ ಸೀರೆ ಸಾಲದೆ ಮುದುಡಿ ಕೂತಿದ್ದೆ. ನನ್ನೆದುರಿಗೆ, ಒಂದು ಮಾರು ದೂರದಲ್ಲಿ, ಪಾದರಸ ತೊಂಬತ್ತೆಂಟರಲ್ಲೇ ನಿಂತಿತ್ತು. ಕಡಿಮೆಯ ಕಡ್ಡಿ ಮಾತ್ರ ಮಳೆಯ ಜೊತೆ ಇಳಿಯುತ್ತಿತ್ತು. "ಅಮ್ಮ, ಅದನ್ನೊಂದು ಸಲ ಕೊಡವಿಬಿಡೇ," ಎಂದು ಬೇಡಿಕೊಂಡೆ. "ಸರ್ಕಾರದ ಸಾಮಾನು. ನನ್ನ ಕೈಲಿ ಒಡೆದರೆ ನಿಮ್ಮಪ್ಪ ಬಂದು ಉತ್ತರ ಹೇಳ್ತಾರಾ?" ಎಂದು ಅವಳು ಒಳಗೆ ಹೋದಳು. ಕೋಠಿಯ ಕೆಲಸಕ್ಕೆ ಬರುವ ಕೆಂಪಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆಂದು ಈಗಲೂ ಗೊತ್ತಿಲ್ಲ...

ಸೋಮವಾರ ಬೆಳಿಗ್ಗೆ ಐದನೆಯ ದಿನದ ಸ್ನಾನ ಮುಗಿಸಿ ಮೊದಲು ಆ ಕಡ್ಡಿಯನ್ನು ಕೊಡವಿದೆ. ಆಮೇಲೆ ನೋಟ್‌ಬುಕ್ ತೆಗೆದೆ. ನಾಲ್ಕು ಸಾಲು ಖಾಲಿಯಿತ್ತು. ಗುರುವಾರದ್ದು ಬರೆದೆ. ಉಳಿದ ಮೂರು ಸಾಲನ್ನು ಖಾಲಿ ಬಿಡಬೇಕಿತ್ತು. ಬಿಟ್ಟರೆ ಮೇಷ್ಟ್ರು ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಒಬ್ಬ ಗಂಡಸಿಗೆ ಏನು ಹೇಳಲಿ? ನಾಚಿಕೆಯೊಂದೇ ಅಲ್ಲ, ಜಂಬವೂ ಇತ್ತು. ಅಷ್ಟು ತಿಂಗಳಲ್ಲಿ ಆ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಹೋಗಿರಲಿಲ್ಲ. ಮೂರು ದಿನದ್ದು ಏನು ಮಹಾ ಎಂದುಕೊಂಡು ತೊಂಬತ್ತೆಂಟು, ತೊಂಬತ್ತೆಂಟು, ತೊಂಬತ್ತೆಂಟು ಎಂದು ಬರೆದೆ. ಚಾಪೆಯಿಂದ ನೋಡಿಟ್ಟುಕೊಂಡಿದ್ದ ಕಡಿಮೆಯ ಅಂಕಿಗಳ ಜೊತೆ ಕೂಡಿದೆ, ಅರ್ಧ ಮಾಡಿದೆ, ಕಳೆದೆ, ಮೊತ್ತ ಹಾಕಿದೆ.

ಹನ್ನೊಂದರ ಬಸ್ಸಿಗೆ ಮೇಷ್ಟ್ರು ಬಂದರು. ಅಂಗಿ ಒದ್ದೆಯಾಗಿತ್ತು, ಕೊಡೆ ಎಂದಿನಂತೆ ಮಡಿಸಿಕೊಂಡೇ ಇತ್ತು. ಮೊತ್ತ ನೋಡಿದರು. ತಲೆಯಾಡಿಸಿದರು. "ಭೇಷ್ ಕಣಮ್ಮ. ಗುರುವಾರಕ್ಕೆ ಕೂರುತ್ತೆ," ಎಂದವರು ನೀರನ್ನೂ ಕುಡಿಯದೆ ತಂತಿ ಕೊಡಲು ಪೋಸ್ಟಾಫೀಸಿಗೆ ಓಡಿದರು. ಅವರನ್ನು ಕೂಗಿ ನಿಲ್ಲಿಸಲು ಬಾಗಿಲ ತನಕ ಹೋದೆ. ಬೀದಿಯಲ್ಲಿ ಜನ ಇದ್ದರು.

ಮಂಗಳವಾರ ಕೆಂಪಮ್ಮ ನಾಲ್ಕು ಹಳದಿ ಗೂಡು ಕೊಯ್ದು ನೋಡಿದಳು. "ಸಾಮಿ, ಇನ್ನೂ ಹುಳಿನ ಕಣ್ಣೇ ಕಪ್ಪಾಗಿಲ್ಲ. ನಾಳಿದ್ದು ಬತ್ತವೆ ಅಂ‌ದ್ರೆ ನಾ ನಂಬಾಕಿಲ್ಲ ಬುಡಿ," ಎಂದಳು.

"ಲೆಕ್ಕ ಸುಳ್ಳು ಹೇಳಲ್ಲ ಕೆಂಪಮ್ಮ," ಎಂದರು ಮೇಷ್ಟ್ರು. ನಾನು ಬಾವಿಯ ಹತ್ತಿರ ಕೊಡ ತೊಳೆಯುತ್ತಿದ್ದೆ. ತೊಳೆದ ಕೊಡವನ್ನೇ ಮತ್ತೆ ತೊಳೆದೆ.

ಬುಧವಾರ ಸಂಜೆ ಬಿಳಿ ಗೂಡಿನ ಬುಟ್ಟಿಗಳು ಬಂದವು. ಗುರುವಾರ ಬೆಳಕು ಹರಿಯುವುದರೊಳಗೆ, ಫಾರಮ್ಮಿನವರು ಮಾತು ಕೊಟ್ಟಂತೆ, ಗಂಡು ಚಿಟ್ಟೆಗಳು ಹೊರಬಂದವು. ಪಕ್ಕದ ತಟ್ಟೆಗಳಲ್ಲಿ ಹಳದಿ ಗೂಡುಗಳು ಕಲ್ಲಿನ ಹಾಗೆ ಸುಮ್ಮನಿದ್ದವು. ಆ ಸದ್ದನ್ನು ನಾನು ಹೇಗೆ ವರ್ಣಿಸಲಿ... ಸಾವಿರಾರು ರೆಕ್ಕೆಗಳು, ಹಾರಲಾರದ ರೆಕ್ಕೆಗಳು, ತಟ್ಟೆಯ ಕಾಗದದ ಮೇಲೆ ಬಡಿಯುವ ಸದ್ದು. ಮಳೆ ನಿಂತು ಮತ್ತೆ ಸೆಕೆ ಏರಿತ್ತು. ಒದ್ದೆ ಗೋಣಿಚೀಲ ಕಟ್ಟಿ ಕೋಣೆ ತಂಪು ಮಾಡಲು ಮೇಷ್ಟ್ರು ಮತ್ತು ಕೆಂಪಮ್ಮ ಬಾವಿಯಿಂದ ನೀರು ಹೊತ್ತರು. ನಾನೂ ಹೊತ್ತೆ. ಶುಕ್ರವಾರವೂ ಹೊತ್ತೆವು. ಅಂದು ಸಂಜೆಯ ಹೊತ್ತಿಗೆ ಸದ್ದು ಕಡಿಮೆಯಾಗುತ್ತಾ ಬಂತು. ಕಡಿಮೆಯಾದದ್ದು ತಂಪಿನಿಂದಲ್ಲ ಎಂದು ಮೂವರಿಗೂ ಗೊತ್ತಿತ್ತು.

ಹೆಣ್ಣು ಬಂದದ್ದು ಶನಿವಾರ. ಲೆಕ್ಕದಲ್ಲಿ ತಪ್ಪಿದ್ದು ಒಂದೂವರೆ ದಿನ. ಆದರೆ ಚಿಟ್ಟೆ ಬರುವುದು ಬೆಳಗಿನ ಜಾವ ಮಾತ್ರವಾದ್ದರಿಂದ ಒಂದೂವರೆ ದಿನ ಎರಡಾಯಿತು. ತುಂಬಿದ ಹೊಟ್ಟೆಯ, ಕೆನೆಬಣ್ಣದ ಹೆಣ್ಣುಗಳು ತಟ್ಟೆಯಲ್ಲಿ ಇದ್ದಲ್ಲೇ ಅದುರುತ್ತಾ ಕಾದವು. ಗಂಡುಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು, ಉಳಿದವಕ್ಕೆ ತ್ರಾಣವಿರಲಿಲ್ಲ. ಮೇಷ್ಟ್ರು ಒಂದೊಂದನ್ನೂ ಬೆರಳಲ್ಲೆತ್ತಿ ಹೆಣ್ಣಿನ ಪಕ್ಕಕ್ಕೆ ಇಡುತ್ತಿದ್ದರು. ಅದು ಅಲ್ಲೇ ಮಗುಚಿಕೊಳ್ಳುತ್ತಿತ್ತು. ಜೋಡಿಯಾಗದೆ ಇಟ್ಟ ಮೊಟ್ಟೆ ಬಣ್ಣ ತಿರುಗುವುದಿಲ್ಲ, ಹಳದಿಯಾಗೇ ಉಳಿದು ನಡುವೆ ಗುಳಿ ಬೀಳುತ್ತದೆ. ಹಾಳೆ ಹಾಳೆ ಅಂಥವೇ.

ಕೆಂಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಯಾರೋ ಮೈಲಿಗೇಲಿ ಒಳೀಕೆ ಬಂದವ್ರೆ ಸಾಮಿ. ಇಲ್ದಿದ್ರೆ ಹಿಂಗಾಗಾಕಿಲ್ಲ," ಎಂದಳು. ಸಂಜೆಯೊಳಗೆ ಆ ಮಾತು ಪೇಟೆ ಮುಟ್ಟಿತು.

ಅಂದೇ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳ ಮುಖ ಬೆಳ್ಳಗಾಯಿತು. ಗುಬ್ಬಿಯಿಂದ ನನ್ನನ್ನು ನೋಡಲು ಬರುವುದಾಗಿ ಕಾಗದ ಬಂದಿತ್ತು. ಅಪ್ಪನಿಲ್ಲದ ಮನೆಗೆ ಅಂಥ ಸಂಬಂಧ ಮತ್ತೆ ಬರುವುದಿಲ್ಲವೆಂದು ಅವಳು ದಿನಕ್ಕೆ ಹತ್ತು ಸಲ ದೇವರಿಗೆ ಕೈಮುಗಿಯುತ್ತಿದ್ದಳು. "ನೀನು ಕೈಯೇ ಇಡ್ಲಿಲ್ಲ ಅಂದ್ರೆ ಈ ಊರಲ್ಲಿ ಯಾರು ನಂಬ್ತಾರೆ? ಹೊರಗಾದವಳು ಕೋಠಿ ಹಾಳು ಮಾಡಿದ್ಲು ಅಂತಾರೆ. ಬಾಯಿಗೆ ಬೀಗ ಹಾಕ್ಕೊಂಡಿರು," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೈ ಇಡದೆ ಇದ್ದದ್ದಕ್ಕೇ ಕೆಟ್ಟಿತು ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಭಾನುವಾರ ಮಧ್ಯಾಹ್ನ ಮೇಷ್ಟ್ರು ಜಗಲಿಯ ಮೇಲೆ ನೋಟ್‌ಬುಕ್ ಹಿಡಿದು ಕೂತರು. ನಾನು ಒಳಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಬಂದರು. ಬೆರಳು ಒಂದು ಕಡೆ ನಿಂತಿತು. ಜೇಬಿನಿಂದ ಸಣ್ಣ ಡೈರಿ ತೆಗೆದು ನೋಡಿದರು. ಎಲ್ಲಿ ಹೋದರೂ ಆ ಊರಿನ ಬಿಸಿ ಬರೆದುಕೊಳ್ಳುವುದು ಅವರ ಚಟ, ತುಮಕೂರಿನ ಮೂರು ದಿನದ ಅಂಕಿ ಅದರಲ್ಲಿತ್ತು. ಆಮೇಲೆ ತಲೆಯೆತ್ತಿ ಕಡ್ಡಿಯ ಹಲಗೆಯನ್ನು ನೋಡಿದರು. ಅಲ್ಲಿಂದ ಅವರ ಕಣ್ಣು ಜಗಲಿಯ ಮೂಲೆಗೆ ಹೋಯಿತು. ಅಲ್ಲಿ ನನ್ನ ಚಾಪೆ ಸುತ್ತಿಟ್ಟಿತ್ತು, ಪಕ್ಕದಲ್ಲಿ ಲೋಟ ಬೋರಲಾಗಿತ್ತು. ಅವರೂ ಅಕ್ಕತಂಗಿಯರ ಜೊತೆ ಬೆಳೆದವರೇ. ನನ್ನ ಕಡೆ ಮಾತ್ರ ನೋಡಲಿಲ್ಲ.

"ಒಂದು ಲೋಟ ಕಾಫಿ ಸಿಗುತ್ತೇನಮ್ಮ?" ಎಂದರು.

ಕಾಫಿ ತರುವಷ್ಟರಲ್ಲಿ ಹೊಸದೊಂದು ನೋಟ್‌ಬುಕ್ಕಿಗೆ ಮೊದಲ ಪುಟದಿಂದ ನಕಲು ಮಾಡಲು ಶುರುಮಾಡಿದ್ದರು. "ಹಳೇದರ ಮೇಲೆ ಮಸಿ ಚೆಲ್ಲೋಯ್ತು," ಎಂದರು. ಹಳೆಯದು ಅವರ ಪಕ್ಕದಲ್ಲೇ ಇತ್ತು, ಅದರ ಮೇಲೆ ಒಂದು ಚುಕ್ಕೆ ಮಸಿಯೂ ಇರಲಿಲ್ಲ. ನನ್ನ ಅಷ್ಟೂ ತಿಂಗಳ ಅಕ್ಷರ ಅವರ ಕೈಬರಹವಾಗುತ್ತಿತ್ತು. ಮೂರು ತೊಂಬತ್ತೆಂಟನ್ನೂ ಹಾಗೆ ಹಾಗೇ ಬರೆದುಕೊಂಡರು. ತಿದ್ದಿದ್ದರೆ, ತಂತಿ ಕೊಟ್ಟ ದಿನಕ್ಕೂ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ.

"ಮೇಷ್ಟ್ರೇ..." ಎಂದೆ. ಕಾಫಿ ಲೋಟ ಅವರ ಪಕ್ಕಕ್ಕಿಟ್ಟೆ.

"ಗುಬ್ಬಿಯೋರು ಯಾವತ್ತು ಬರ್ತಾರಂತಮ್ಮ?" ಎಂದು ಕೇಳಿದರು, ಬರೆಯುವುದನ್ನು ನಿಲ್ಲಿಸದೆ.

"ಹುಣ್ಣಿಮೆ ಆದ್ಮೇಲೆ ಅಂತ."

"ಒಳ್ಳೇ ಜನ ಕಣಮ್ಮ. ನಮ್ಮ ಮಾವನೋರ ಮನೆಗೆ ಎರಡು ಬೀದಿ ಆಚೆ."

ಸಂಜೆ ಬಚ್ಚಲೊಲೆಯಲ್ಲಿ ಹಳೆಯ ನೋಟ್‌ಬುಕ್ ಉರಿಯಿತು. ಅವರೇ ಹಾಳೆ ಹರಿದು ಹರಿದು ಹಾಕಿದರು. ಆ ನೀರಲ್ಲೇ ನಾವು ಮರುದಿನ ಸ್ನಾನ ಮಾಡಿದೆವು.

ಮೊಟ್ಟೆ ಒಡೆಯಬೇಕಾದ ದಿನ ರೈತರು ಬುಟ್ಟಿ ಹಿಡಿದು ಬಂದು, ಬೈದುಕೊಂಡು ಬರಿಗೈಲಿ ಹೋದರು. ಮಾರನೆಯ ದಿನ ಜೀಪಿನಲ್ಲಿ ಸಾಹೇಬರು ಬಂದರು. ಕೋಠಿಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಅಮ್ಮ ಅದಕ್ಕೆ ಅಗುಳಿ ಹಾಕಿ ನನ್ನ ಮೊಣಕೈ ಹಿಡಿದುಕೊಂಡು ನಿಂತಳು.

"ಮೂರು ದಿನ ಜಡಿಮಳೆ ಹೊಯ್ದಿದೆ. ತೊಂಬತ್ತೆಂಟು ಡಿಗ್ರಿ ಅಂತ ಬರ್ದಿದೀರ. ಊರಲ್ಲಿದ್ರೇನ್ರೀ ನೀವು?"

"ಇರ್ಲಿಲ್ಲ ಸಾರ್."

"ಮತ್ತೆ ಇದನ್ನ ಬರ್ದೋರು ಯಾರು?"

ಆ ಒಂದು ಗಳಿಗೆ... ನನ್ನ ಬಾಯಿ ತೆರೆದಿತ್ತು. ಇದನ್ನು ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಬಾಯಿ ತೆರೆದಿತ್ತು, ದನಿ ಬರಲಿಲ್ಲ.

"ನಾನೇ ಸಾರ್. ವಾಪಸ್ ಬಂದು ಅಂದಾಜಲ್ಲಿ ಬರ್ದೆ. ತಪ್ಪಾಯ್ತು."

ಕಳ್ಳಲೆಕ್ಕ ಬರೆದವನು ಎಂಬ ಮಾತು ಅಲ್ಲೇ, ಎಲ್ಲರೆದುರಿಗೆ ಬಂತು. ಲೆಕ್ಕದಿಂದ ಚಿಟ್ಟೆ ಬರಿಸುತ್ತಾನಂತೆ ಎಂದು ಯಾರೋ ನಕ್ಕರು. ವಾರದೊಳಗೆ ಕೆಲಸ ಹೋಯಿತು. ಮೇಷ್ಟ್ರು ಟ್ರಂಕು, ಸೀಮೆಎಣ್ಣೆ ಒಲೆ, ಕೊಡೆ ತೆಗೆದುಕೊಂಡು ಹೊರಟ ದಿನ ಅಮ್ಮ ಅವರಿಗೆ ಚಿತ್ರಾನ್ನ ಕಟ್ಟಿಕೊಟ್ಟಳು. ಬೇಡವೆನ್ನದೆ ತೆಗೆದುಕೊಂಡರು. "ಲೆಕ್ಕ ಬಿಡ್ಬೇಡಮ್ಮ," ಎಂದು ನನಗೆ ಹೇಳಿದರು. ನಾನು ಆ ಕ್ಷಣದಿಂದಲೇ ಬಿಟ್ಟೆ.

ಗುಬ್ಬಿಯವರು ಬಂದರು, ಒಪ್ಪಿದರು. ಆ ಮನೆಯಲ್ಲಿ ನನಗೆ ಯಾವ ಕೊರತೆಯೂ ಆಗಲಿಲ್ಲ, ಯಜಮಾನರು ದೇವರಂಥವರು. ಆದರೆ ಆ ಎರಡು ಬೀದಿ ಆಚೆಯ ಮನೆ ಇತ್ತಲ್ಲ, ಅದರ ಮುಂದೆ ಹಾದರೆ ಸ್ಟೇಷನ್ನು ಹತ್ತಿರ. ನಾನು ಎಂಟು ವರ್ಷ ಸುತ್ತು ಹಾಕಿಕೊಂಡು ಓಡಾಡಿದೆ. ಮೇಷ್ಟ್ರು ಸ್ಟೇಷನ್ ಹತ್ತಿರದ ಕೊಬ್ಬರಿ ಮಂಡಿಯಲ್ಲಿ ಮೂಟೆಗಳ ಮೇಲೆ ಬಣ್ಣದಲ್ಲಿ ಗುರುತು ಬರೆಯುವ ಕೆಲಸಕ್ಕೆ ಸೇರಿದ್ದಾರೆಂದು ಕೇಳಿದ್ದೆ. ಒಂದೇ ಒಂದು ಸಲ ನೋಡಿದೆ. ಜಟಕಾದಲ್ಲಿ ಅತ್ತೆಯವರ ಪಕ್ಕ ಕೂತಿದ್ದೆ, ತೊಡೆಯ ಮೇಲೆ ಮಗಳಿದ್ದಳು. ಎದುರಿಗೆ ಬಂದರು, ಬೆರಳಿಗೆಲ್ಲ ಕಪ್ಪು ಬಣ್ಣ. ಗುರುತು ಹಿಡಿದರು, ನನಗೆ ಗೊತ್ತು. ತಕ್ಷಣ ಮುಖ ತಿರುಗಿಸಿ ಗೋಡೆಯ ಮೇಲಿನ ಯಾವುದೋ ನೋಟೀಸು ಓದುವವರಂತೆ ನಿಂತುಬಿಟ್ಟರು, ಜಟಕಾ ದಾಟುವ ತನಕ. ಯಾರು ಅವರು ಎಂದು ಅತ್ತೆ ಕೇಳುವ ಸಂದರ್ಭವನ್ನೂ ನನಗೆ ತರಲಿಲ್ಲ ಆ ಪುಣ್ಯಾತ್ಮ.

ಅರವತ್ತರ ದಶಕ ಅರ್ಧ ದಾಟಿದ ಮೇಲೆ, ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಮಂಡಿಯ ಮೇಷ್ಟ್ರು ಹೋಗಿ ವರ್ಷವಾಯಿತಂತೆ, ಎದೆ ಕಾಯಿಲೆಯಂತೆ. ನನಗೆ ತಿಳಿದದ್ದೇ ಹಾಗೆ. ಮಾರನೆಯ ದಿನ ನಾಲ್ಕು ಮೂಸಂಬಿ ಸೆರಗಿನಲ್ಲಿ ಕಟ್ಟಿಕೊಂಡು ಆ ಬೀದಿಗೆ ಹೋದೆ.

ಅವರ ಹೆಂಡತಿ ಪಡಸಾಲೆಯಲ್ಲಿ ಮುತ್ತುಗದ ಎಲೆ ಹಚ್ಚುತ್ತಾ ಕೂತಿದ್ದರು. ಹೋಟೆಲಿಗೆ ಹಾಕುವ ಎಲೆ. ಕುಣಿಗಲ್ಲಿನವಳು, ಮೇಷ್ಟ್ರು ನಮ್ಮ ಬೀದಿಯಲ್ಲಿದ್ದರು ಎಂದಷ್ಟೇ ಹೇಳಿದೆ. ಕೋಠಿ ನಮ್ಮ ಮನೆಯಲ್ಲೇ ಇತ್ತು ಎನ್ನಲಿಲ್ಲ. ಕುಣಿಗಲ್ಲು ಎಂದ ಕೂಡಲೇ ಅವರು ಎಲೆ ಕೆಳಗಿಟ್ಟರು.

"ಅವರಿಗೆ ಆ ಊರು ಅಂದ್ರೆ ಪ್ರಾಣ ಕಣಮ್ಮ," ಎಂದರು. "ಅಲ್ಲೊಂದು ಮಗು ಇತ್ತಂತೆ, ಇವರಿಗಿಂತ ಚೆನ್ನಾಗಿ ಲೆಕ್ಕ ಮಾಡೋದಂತೆ. ಅದನ್ನ ಓದಿಸ್ಬೇಕಿತ್ತು ಅಂತಿದ್ರು."

ನಾನು ಸೆರಗಿನ ಗಂಟು ಬಿಚ್ಚಿ ಮೂಸಂಬಿ ಕೆಳಗಿಟ್ಟೆ.

"ಕಳ್ಳಲೆಕ್ಕ ಬರೆದೋನ ಹೆಂಡ್ತಿ ಅಂತ ನಮ್ಮಣ್ಣಂದಿರೇ ಅಂದ್ರು. ಇವರು ಒಂದು ಮಾತು ತಿರುಗಿ ಆಡ್ಲಿಲ್ಲ. ಕೊನೇಲಿ ಜ್ವರ ಏರಿದಾಗ ಮಾತ್ರ, ತಪ್ಪಿರ್ಲಿಲ್ಲ ಕಣೇ, ತುಮಕೂರಿನ ಅಂಕಿ ಹಾಕಿದ್ರೆ ಶನಿವಾರಕ್ಕೇ ಬರುತ್ತೆ, ಸರಿಯಾಗಿ ಶನಿವಾರಕ್ಕೇ ಬರುತ್ತೆ ಅಂತ ಒಂದೇ ಸಮನೆ. ಶನಿವಾರ ಏನ್ರೀ ಬರೋದು ಅಂದ್ರೆ ನಗ್ತಿದ್ರು." ಅವರು ನನ್ನ ಕೈ ಹಿಡಿದುಕೊಂಡರು. "ನೀವು ಆ ಊರೋರು. ನಿಮಗೇನಾದ್ರೂ ಗೊತ್ತೇನಮ್ಮ? ನಿಜ ಹೇಳಿ, ನಾನು ಬೇಜಾರು ಮಾಡ್ಕೊಳಲ್ಲ. ನಮ್ಮನೆಯೋರು ಸುಳ್ಳು ಬರ್ದಿದ್ರಾ?"

ಅವರ ಲೆಕ್ಕ ಸರಿಯಾಗಿತ್ತು. ಅದು ಸರಿ ಎಂದು ಅವರಿಗೆ ಆ ಭಾನುವಾರ ಮಧ್ಯಾಹ್ನವೇ ಗೊತ್ತಾಗಿತ್ತು. ಸಾಹೇಬರೆದುರು ಆ ಡೈರಿಯನ್ನೂ ನನ್ನ ಪುಸ್ತಕವನ್ನೂ ಒಟ್ಟಿಗೆ ಇಟ್ಟಿದ್ದರೆ ಸಾಕಿತ್ತು, ಕೋಟೆಯ ಮನೆಯ ಬೀಗ ತೆಗೆಯುತ್ತಿತ್ತು, ಈ ಹೆಂಗಸು ಹೋಟೆಲಿಗೆ ಎಲೆ ಹಚ್ಚುತ್ತಾ ಕೂರುತ್ತಿರಲಿಲ್ಲ. ಆಗ ನನಗೆ ಇಪ್ಪತ್ತೆಂಟು ವರ್ಷ. ಮದುವೆಯಾಗಿತ್ತು, ಮಕ್ಕಳಾಗಿದ್ದರು, ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು.

"ನನಗೆ ಗೊತ್ತಿಲ್ಲಮ್ಮ," ಎಂದೆ.

ಅವರು ನನ್ನ ಕೈ ಬಿಟ್ಟು ಮತ್ತೆ ಎಲೆ ಎತ್ತಿಕೊಂಡರು. ಹೊರಡುವಾಗ ಮೂಸಂಬಿಯಲ್ಲಿ ಎರಡನ್ನು ನನ್ನ ಮಕ್ಕಳಿಗೆಂದು ತಿರುಗಿ ಕೊಟ್ಟರು.

ಅಮ್ಮನ ಭಯ, ಊರಿನ ಬಾಯಿ, ಆ ಕಾಲ ಹಾಗಿತ್ತು, ಎಂದು ಕುಣಿಗಲ್ಲಿನಲ್ಲಿ ನಾನು ಮಾಡಿದ್ದಕ್ಕೆ ಎಷ್ಟು ಬೇಕಾದರೂ ಕಾರಣ ಕೊಡಬಲ್ಲೆ. ಗುಬ್ಬಿಯ ಆ ಪಡಸಾಲೆಗೆ ಒಂದು ಕಾರಣವೂ ಇಲ್ಲ. ಆ ತಾಯಿಯೂ ಹೋಗಿ ಬಹಳ ವರ್ಷವಾಯಿತು. ಮನೆ ಕೈಬದಲಾಗಿ ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಮಗಳು ಯಾವ ಊರಿಗೆ ಸೇರಿದಳೋ, ವಿಚಾರಿಸಿದೆ, ಗೊತ್ತಾಗಲಿಲ್ಲ. ಎಲ್ಲಾದರೂ ಇದ್ದರೆ ಅವಳಿಗೂ ಅರವತ್ತೈದು ದಾಟಿರುತ್ತದೆ, ಅಪ್ಪ ಸುಳ್ಳು ಬರೆದು ಕೆಲಸ ಕಳೆದುಕೊಂಡ ಎಂದೇ ತಿಳಿದಿರುತ್ತಾಳೆ.

ಇಲ್ಲಮ್ಮ. ನಿಮ್ಮಪ್ಪ ಸುಳ್ಳು ಬರೆಯಲಿಲ್ಲ. ಬರೆದವಳು ನಾನು.